ಥೈರಾಯಿಡ್ ಯಾರಿಗಿಲ್ಲ?

ನಮ್ಮ ಆರೋಗ್ಯ ಸಂವಾದ ಕಾರ್ಯಕ್ರಮದ ನೇರ ಪ್ರಸಾರ ನಡೆಯುತ್ತಿದ್ದ ಒಂದು ಸಂಜೆ. ಹಾರ್ಮೋನುಗಳ ತೊಂದರೆಗೆ ಚಿಕಿತ್ಸೆ ನೀಡುವ ತಜ್ಞರೊಬ್ಬರು ಸ್ಟುಡಿಯೋದಲ್ಲಿ ಕುಳಿತಿದ್ದರು. ನಾನು ಗಾಜಿನ ಈಚೆ, ಕಂಟ್ರೋಲ್ ರೂಮಿನಲ್ಲಿದ್ದೆ. ಹಾಸನದ ಕಡೆಯ ಗೃಹಿಣಿಯೊಬ್ಬರ ಫೋನ್ ಕರೆ ಬಂತು.

"ನಮಸ್ಕಾರ ಡಾಕ್ಟ್ರೇ. ನನಗೆ ಥೈರಾಯಿಡ್ ಇದೆ ಅಂದಿದ್ದಾರೆ. ನಮ್ಮ ಓರಗಿತ್ತಿಗೂ ಥೈರಾಯಿಡ್ ಇತ್ತು. ಅವರು ಮಾತ್ರೆ ತಗೊಂಡು ಈಗ ಚೆನ್ನಾಗಿದ್ದಾರೆ. ಅದೇ ಮಾತ್ರೇನ ನಾನೂ ತಗೋಬಹುದಾ?"

ವೈದ್ಯರು ನಕ್ಕರು. "ಅಮ್ಮಾ, ಥೈರಾಯಿಡ್ ನನಗೂ ಇದೆ. ಈ ಕಾರ್ಯಕ್ರಮ ನೋಡ್ತಾ ಇರೋ ಎಲ್ಲರಿಗೂ ಇದೆ. ಅದು ಕುತ್ತಿಗೆಯಲ್ಲಿರೋ ಒಂದು ಗ್ರಂಥಿ. ನಿಮ್ಮದು ಜಾಸ್ತಿ ಕೆಲಸ ಮಾಡ್ತಿದೆಯೋ, ಕಡಿಮೆ ಮಾಡ್ತಿದೆಯೋ ಅನ್ನೋದು ಪ್ರಶ್ನೆ. ಚೀಟಿಯಲ್ಲಿ ಹೈಪೋ ಅಂತ ಬರೆದಿದ್ದಾರೋ, ಹೈಪರ್ ಅಂತ ಬರೆದಿದ್ದಾರೋ?"

"ಅದನ್ನೆಲ್ಲ ನೋಡ್ಲಿಲ್ಲ ಸಾರ್. ಥೈರಾಯಿಡ್ ಅಂತ ಮಾತ್ರ ಗೊತ್ತು."

"ಹಾಗಾದರೆ ಓರಗಿತ್ತಿಯವರ ಮಾತ್ರೆ ಮುಟ್ಟಬೇಡಿ. ಮೊದಲು ಚೀಟಿ ನೋಡಿ."

ಎರಡು ವಾರಗಳ ನಂತರ ಆಕೆಯಿಂದ ನಮ್ಮ ಕೇಂದ್ರಕ್ಕೆ ಒಂದು ಕಾಗದ ಬಂತು. ಅವರ ಚೀಟಿಯಲ್ಲಿದ್ದದ್ದು 'ಹೈಪರ್'. ಓರಗಿತ್ತಿಯದು 'ಹೈಪೋ'. ಮನೆಮಾತಿನಲ್ಲಿ ಎರಡಕ್ಕೂ ಒಂದೇ ಹೆಸರು. ಆದರೆ ಒಬ್ಬರಿಗೆ ಗ್ರಂಥಿ ಸೋತಿತ್ತು, ಇನ್ನೊಬ್ಬರಿಗೆ ಅದು ಲಗಾಮು ತಪ್ಪಿ ಓಡುತ್ತಿತ್ತು. ಸೋತ ಗ್ರಂಥಿಗೆ ಕೊಡುವ ಮಾತ್ರೆಯಲ್ಲಿರುವುದು ಆ ಗ್ರಂಥಿಯ ಹಾರ್ಮೋನೇ. ಅದನ್ನು ಈ ಗೃಹಿಣಿ ನುಂಗಿದ್ದರೆ ಉರಿಯುವ ಒಲೆಗೆ ಇನ್ನಷ್ಟು ಸೌದೆ ತುರುಕಿದಂತಾಗುತ್ತಿತ್ತು. ಮೊದಲೇ ಜೋರಾಗಿ ಬಡಿಯುವ ಹೃದಯದ ಲಯವೇ ತಪ್ಪಬಹುದಿತ್ತು.

ಕಾರ್ಯಕ್ರಮಕ್ಕೆ ಬರುವ ಕಾಗದ ಮತ್ತು ಕರೆಗಳನ್ನು ಗಮನಿಸುತ್ತಾ ಬಂದ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ವೀಕ್ಷಕರ ಅರ್ಧದಷ್ಟು ಭಯ ಮತ್ತು ಅರ್ಧದಷ್ಟು ಅಲಕ್ಷ್ಯ ಹುಟ್ಟುವುದು ರೋಗದಿಂದಲ್ಲ, ರೋಗದ ಹೆಸರಿನಿಂದ. ವೈದ್ಯಕೀಯ ಪದಗಳು ಕಷ್ಟವೆಂದು ನಾವು ದೂರವಿಡುತ್ತೇವೆ. ನಿಜಕ್ಕೂ ಅವು ಅಂಚೆ ವಿಳಾಸದಂತೆ. ಓದುವ ಕ್ರಮ ತಿಳಿದರೆ ಊರು, ಬೀದಿ, ಮನೆ ಎಲ್ಲವೂ ಅದರಲ್ಲೇ ಇರುತ್ತದೆ. ಆ ಕ್ರಮವನ್ನು ವೀಕ್ಷಕ ಮಿತ್ರರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮೂರು ಬಗೆಯ ಹೆಸರುಗಳು

ವೈದ್ಯರು ಬಳಸುವ ಹೆಸರುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಅಂಗದ ಹೆಸರು: ಥೈರಾಯಿಡ್, ಲಿವರ್, ಸೈನಸ್, ಪ್ರಾಸ್ಟೇಟ್. ಎರಡನೆಯದು ರೋಗದ ಹೆಸರು: ಕ್ಷಯ, ಮಲೇರಿಯಾ, ಮಧುಮೇಹ. ಮೂರನೆಯದು ರೋಗದ ಗುರುತಿನ ಹೆಸರು: ಜ್ವರ, ಕಾಮಾಲೆ, ರಕ್ತಹೀನತೆ, ಬಾವು. ಒಂದು ಬಗೆಯ ಹೆಸರನ್ನು ಇನ್ನೊಂದೆಂದು ತಿಳಿದಾಗ ಎಡವಟ್ಟಾಗುತ್ತದೆ. ಅಂಗವನ್ನು ರೋಗವೆಂದುಕೊಂಡರೆ ಓರಗಿತ್ತಿಯ ಮಾತ್ರೆಯ ಕತೆಯಾಗುತ್ತದೆ. ಗುರುತನ್ನೇ ರೋಗವೆಂದುಕೊಂಡರೆ ಅದಕ್ಕಿಂತ ಹೆಚ್ಚಿನ ಅಪಾಯವಾಗಬಹುದು. ಒಂದೊಂದಾಗಿ ನೋಡೋಣ.

ಅಂಗವೇ ರೋಗವಾದಾಗ

"ನನಗೆ ಸೈನಸ್ ಇದೆ", "ಮಗುವಿಗೆ ಟಾನ್ಸಿಲ್ ಆಗಿದೆ", "ಯಜಮಾನರಿಗೆ ಪ್ರಾಸ್ಟೇಟ್ ಬಂದಿದೆ" - ಇವು ನಮ್ಮ ದಿನನಿತ್ಯದ ಮಾತುಗಳು. ಸೈನಸ್ ಎಂದರೆ ಮೂಗಿನ ಸುತ್ತಲಿನ ಮೂಳೆಗಳಲ್ಲಿರುವ ಗಾಳಿ ತುಂಬಿದ ಪೊಳ್ಳು. ಅಂಥವು ನಾಲ್ಕು ಜೊತೆ ಇವೆ. ಅವುಗಳ ಒಳಪೊರೆ ಊದಿ ಕೀವು ಕಟ್ಟಿಕೊಂಡರೆ ಅದು ಸೈನುಸೈಟಿಸ್. ಪ್ರಾಸ್ಟೇಟ್ ಪ್ರತಿಯೊಬ್ಬ ಗಂಡಸಿಗೂ ಮೂತ್ರಕೋಶದ ಕೆಳಗೆ ಇರುವ, ಅಕ್ರೋಟಿನಷ್ಟು ದಪ್ಪದ ಗ್ರಂಥಿ. ವಯಸ್ಸಾದಂತೆ ಅದು ಬೆಳೆದು ಮೂತ್ರನಾಳವನ್ನು ಒತ್ತುವುದು ಒಂದು ತೊಂದರೆ. ಅದರಲ್ಲಿ ಕ್ಯಾನ್ಸರ್ ಹುಟ್ಟುವುದು ಬೇರೆಯೇ ತೊಂದರೆ. 'ಪ್ರಾಸ್ಟೇಟ್ ಬಂದಿದೆ' ಎಂಬ ಮಾತಿನಿಂದ ಇವೆರಡರಲ್ಲಿ ಯಾವುದೆಂದು ತಿಳಿಯುವುದಿಲ್ಲ. ಮನೆಮಂದಿ ಅನವಶ್ಯಕವಾಗಿ ಹೆದರಬಹುದು, ಇಲ್ಲವೇ ಹೆದರಬೇಕಾದಲ್ಲಿ ನಿಶ್ಚಿಂತರಾಗಿರಬಹುದು.

ಮತ್ತೆ ಥೈರಾಯಿಡ್‌ಗೆ ಬರೋಣ. ಗ್ರೀಕ್ ಭಾಷೆಯ ಗುರಾಣಿ ಎಂಬ ಪದದಿಂದ ಈ ಹೆಸರು ಬಂದಿದೆ. 1656ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್ ಗ್ರಂಥಿಗೆ ಈ ಹೆಸರಿಟ್ಟ. ದೇಹದ ಒಲೆ ಎಷ್ಟು ಜೋರಾಗಿ ಉರಿಯಬೇಕೆಂದು ನಿರ್ಧರಿಸುವುದು ಇದರ ಕೆಲಸ. 'ಹೈಪೋ' ಎಂದರೆ ಕಡಿಮೆ. ಹೈಪೋಥೈರಾಯಿಡಿಸಂ ಇದ್ದವರಿಗೆ ಸುಸ್ತು, ಚಳಿ ತಡೆಯಲಾಗದಿರುವುದು, ತೂಕ ಏರುವುದು, ನಾಡಿ ನಿಧಾನವಾಗುವುದು ಕಾಣುತ್ತದೆ. 'ಹೈಪರ್' ಎಂದರೆ ಹೆಚ್ಚು. ಹೈಪರ್‌ಥೈರಾಯಿಡಿಸಂ ಇದ್ದವರಿಗೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಸೆಖೆ ತಡೆಯುವುದಿಲ್ಲ, ಉಂಡರೂ ತೂಕ ಇಳಿಯುತ್ತದೆ.

ರಕ್ತಪರೀಕ್ಷೆಯ ವರದಿ ಇಲ್ಲಿ ಇನ್ನೊಂದು ಗೊಂದಲ ಹುಟ್ಟಿಸುತ್ತದೆ. ಅದರಲ್ಲಿ ಟಿ.ಎಸ್.ಎಚ್. ಎಂಬ ಅಂಶ ಹೆಚ್ಚಿದ್ದರೆ ಸಾಮಾನ್ಯವಾಗಿ ಥೈರಾಯಿಡ್ ಕಡಿಮೆ ಕೆಲಸ ಮಾಡುತ್ತಿದೆ ಎಂದು ಅರ್ಥ! ಏಕೆಂದರೆ ಟಿ.ಎಸ್.ಎಚ್. ಥೈರಾಯಿಡ್‌ನದಲ್ಲ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯಿಡ್‌ಗೆ ಕಳುಹಿಸುವ ಆಜ್ಞೆ ಅದು. ಆಳು ಮೈಗಳ್ಳನಾದಷ್ಟೂ ಯಜಮಾನನ ಕೂಗು ಜೋರಾಗುವುದಿಲ್ಲವೇ? ಹಾಗೆ.

ಇದೇ ಸಾಲಿನಲ್ಲಿ ನಮ್ಮ ನಾಡಿಗೆ ಬಹಳ ಪರಿಚಿತವಾದ ಪದ 'ಗ್ಯಾಸ್ಟ್ರಿಕ್'. ಎದೆ ಉರಿದರೆ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಆ ಪದದ ಅರ್ಥ 'ಜಠರಕ್ಕೆ ಸಂಬಂಧಿಸಿದ' ಎಂದಷ್ಟೇ. ಗ್ಯಾಸಿಗೂ ಅದಕ್ಕೂ ಧ್ವನಿಯ ಹೋಲಿಕೆ ಬಿಟ್ಟರೆ ಬೇರೆ ನೆಂಟಸ್ತಿಕೆಯಿಲ್ಲ. ಹೃದಯಾಘಾತದ ನೋವು ಕೆಲವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಮಹಿಳೆಯರಲ್ಲಿ, ಮೇಲುಹೊಟ್ಟೆಯ ಸಂಕಟದಂತೆ, ಬರಿಯ ಬೆವರು ಮತ್ತು ಸುಸ್ತಿನಂತೆ ಬರುವುದುಂಟು. 'ಗ್ಯಾಸ್ಟ್ರಿಕ್ ಇರಬೇಕು' ಎಂದು ಸೋಡಾ ಕುಡಿದು, ಓಮ ಅಗಿದು ಬೆಳಗಾಗಲಿ ಎಂದು ಮಲಗಿದವರ ಕತೆಯನ್ನು ನಮ್ಮ ಸ್ಟುಡಿಯೋಕ್ಕೆ ಬಂದ ಹೃದಯ ತಜ್ಞರು ಮತ್ತೆ ಮತ್ತೆ ಹೇಳಿದ್ದಾರೆ. ಎದೆಯ ಮೇಲೆ ಭಾರ ಇಟ್ಟಂತಾಗಿ, ನೋವು ಎಡಗೈಗೋ ದವಡೆಗೋ ಹರಿದು, ಬೆವರು ಕಿತ್ತುಕೊಂಡರೆ ಹೆಸರಿಡುವ ಕೆಲಸ ನಮ್ಮದಲ್ಲ. ಅದು ಇ.ಸಿ.ಜಿ. ಯಂತ್ರದ್ದು.

ರೋಗಿ ಹೇಳುವುದು, ವೈದ್ಯರು ಕಾಣುವುದು

ಕನ್ನಡದಲ್ಲಿ ನಾವು 'ರೋಗಲಕ್ಷಣ' ಎಂಬ ಒಂದೇ ಪದ ಬಳಸುತ್ತೇವೆ. ವೈದ್ಯಶಾಸ್ತ್ರ ಇದನ್ನು ಎರಡಾಗಿ ಒಡೆಯುತ್ತದೆ. ರೋಗಿ ತಾನು ಅನುಭವಿಸಿ ಹೇಳಿಕೊಳ್ಳುವುದು ಸಿಂಪ್ಟಮ್: ತಲೆನೋವು, ಓಕರಿಕೆ, ಸುಸ್ತು, ತುರಿಕೆ. ಇವನ್ನು ಬೇರೊಬ್ಬರು ಅಳೆಯಲಾರರು. ವೈದ್ಯರು ತಮ್ಮ ಕಣ್ಣು, ಕಿವಿ, ಬೆರಳು ಮತ್ತು ಉಪಕರಣಗಳಿಂದ ಕಂಡುಕೊಳ್ಳುವುದು ಸೈನ್: ಹಳದಿ ಕಣ್ಣು, ಊದಿದ ಯಕೃತ್ತು, ಹೃದಯದ ಮರ್ಮರ ಶಬ್ದ, ಏರಿದ ರಕ್ತದೊತ್ತಡ. 'ಮೈ ಬಿಸಿಯಾದಂತಿದೆ' ಎಂದು ನೀವು ಹೇಳುವುದು ಮೊದಲನೆಯದು. ಥರ್ಮಾಮೀಟರಿನಲ್ಲಿ 102 ಡಿಗ್ರಿ ಕಾಣುವುದು ಎರಡನೆಯದು.

ಈ ಭೇದ ಏಕೆ ಬೇಕು? ಏಕೆಂದರೆ ಕೆಲವು ರೋಗಗಳಲ್ಲಿ ಹೇಳಿಕೊಳ್ಳಲು ಏನೂ ಇರುವುದಿಲ್ಲ, ಕಾಣುವುದು ಮಾತ್ರ ಇರುತ್ತದೆ. ರಕ್ತದೊತ್ತಡ ಇದಕ್ಕೆ ಒಳ್ಳೆಯ ಉದಾಹರಣೆ. ಅದು ವರ್ಷಗಟ್ಟಲೆ ಏರಿದ್ದರೂ ರೋಗಿಗೆ ಒಂದು ಸಣ್ಣ ನೋವೂ ಕಾಣಿಸದಿರಬಹುದು. "ನನಗೇನೂ ಆಗಿಲ್ಲ" ಎಂಬ ಮಾತು ಆಗ ಸುಳ್ಳಲ್ಲ, ಆದರೆ ಸಾಲದು.

ಈಗ ಕಾಮಾಲೆಯ ವಿಚಾರ. ಇದು ರೋಗವಲ್ಲ, ಗುರುತು. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕಿ ಒಡೆಯುತ್ತವೆ. ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಳಿಯುತ್ತದೆ. ಯಕೃತ್ತು ಅದನ್ನು ಸಂಸ್ಕರಿಸಿ ಪಿತ್ತದೊಂದಿಗೆ ಕರುಳಿಗೆ ಕಳುಹಿಸುತ್ತದೆ. ಈ ದಾರಿಯಲ್ಲಿ ಎಲ್ಲಿ ತೊಡಕಾದರೂ ಬಿಲಿರುಬಿನ್ ರಕ್ತದಲ್ಲಿ ಉಳಿದು ಕಣ್ಣು, ಚರ್ಮ ಹಳದಿಯಾಗುತ್ತವೆ. ತೊಡಕು ಮೂರು ಕಡೆ ಆಗಬಹುದು. ಮಲೇರಿಯಾದಂಥ ಕಾಯಿಲೆಯಲ್ಲಿ ರಕ್ತಕಣಗಳೇ ಅತಿಯಾಗಿ ಒಡೆಯಬಹುದು. ವೈರಾಣು, ಮದ್ಯ ಅಥವಾ ಕೆಲವು ಔಷಧಿಗಳಿಂದ ಯಕೃತ್ತು ಕೆಡಬಹುದು. ಇಲ್ಲವೇ ಪಿತ್ತನಾಳಕ್ಕೆ ಕಲ್ಲೋ ಗೆಡ್ಡೆಯೋ ಅಡ್ಡ ಬರಬಹುದು. ನಾಳ ಕಟ್ಟಿಕೊಂಡಾಗ ಮಲ ಬಿಳಿಚಿಕೊಂಡು ಜೇಡಿಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಮೂತ್ರ ಕಡುವಾಗುತ್ತದೆ, ಮೈಯೆಲ್ಲ ತುರಿಸುತ್ತದೆ.

ಹಾಗಾದರೆ ಊರಿನ ಎಲೆಮದ್ದಿನಿಂದ ಅಷ್ಟೊಂದು ಜನರಿಗೆ ಕಾಮಾಲೆ ವಾಸಿಯಾಗುವುದು ಹೇಗೆ ಎಂದು ವೀಕ್ಷಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಕಲುಷಿತ ನೀರು, ಆಹಾರಗಳಿಂದ ಹರಡುವ ಹೆಪಟೈಟಿಸ್ 'ಎ' ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಅವಧಿಯಲ್ಲಿ ಏನು ಕೊಟ್ಟಿದ್ದರೂ ಕೀರ್ತಿ ಅದಕ್ಕೆ ಸಲ್ಲುತ್ತದೆ. ಆದರೆ ಪಿತ್ತನಾಳದಲ್ಲಿ ಗೆಡ್ಡೆ ಇದ್ದವರಿಗೆ ಅದೇ ಆರು ವಾರ ಶಸ್ತ್ರಚಿಕಿತ್ಸೆಯ ಅವಕಾಶವನ್ನೇ ಕಸಿಯಬಹುದು. ಹೊರಗಿನಿಂದ ನೋಡಿದರೆ ಇಬ್ಬರ ಕಣ್ಣೂ ಒಂದೇ ಹಳದಿ. ಹೆಸರೂ ಒಂದೇ, ಕಾಮಾಲೆ. ಒಳಗಿನ ಕಾರಣ ಮಾತ್ರ ಬೇರೆ.

ರಕ್ತಹೀನತೆಯದೂ ಇದೇ ಕತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಯರಲ್ಲದ ಮಹಿಳೆಯರಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗರ್ಭಿಣಿಯರಿಗೆ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ವೈದ್ಯರು ಕೆಳರೆಪ್ಪೆ ಎಳೆದು ನೋಡುವುದು ಇದರ ಬಿಳಿಚಿಕೆಯನ್ನೇ. ಇಲ್ಲಿಯೂ ರಕ್ತ ಏಕೆ ಕಡಿಮೆಯಾಯಿತು ಎಂಬುದು ಮುಖ್ಯ. ಊಟದಲ್ಲಿ ಕಬ್ಬಿಣ ಸಾಲದೆಯೋ, ಮುಟ್ಟಿನಲ್ಲಿ ಅತಿಯಾಗಿ ಹೋಗುತ್ತಿದೆಯೋ, ಕೊಕ್ಕೆಹುಳು ಇದೆಯೋ, ಹೊಟ್ಟೆಯೊಳಗೆ ಎಲ್ಲೋ ಸೋರುತ್ತಿದೆಯೋ? ಕಾರಣ ಹುಡುಕದೆ ಟಾನಿಕ್ ಕುಡಿಯುವುದು ತೂತು ಮುಚ್ಚದೆ ಕೊಡಕ್ಕೆ ನೀರು ಹೊಯ್ದಂತೆ.

ಪದವನ್ನು ಬಿಡಿಸುವ ಬಗೆ

ಉದ್ದುದ್ದ ವೈದ್ಯಕೀಯ ಪದಗಳು ಹೆಚ್ಚಾಗಿ ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳನ್ನು ಜೋಡಿಸಿದ ಸಮಾಸಗಳು. ಸಂಸ್ಕೃತದ ಸಮಾಸ ಬಿಡಿಸಿ ರೂಢಿಯಿರುವ ನಮಗೆ ಇದು ಕಷ್ಟವಲ್ಲ. ಪದದ ತಲೆ, ನಡು, ಬಾಲ ಗುರುತಿಸಿದರೆ ಆಯಿತು.

ಬಾಲದಲ್ಲಿ 'ಐಟಿಸ್' ಇದ್ದರೆ ಆ ಅಂಗಕ್ಕೆ ಉರಿಯೂತ. ಯಕೃತ್ತಿಗಾದರೆ ಹೆಪಟೈಟಿಸ್, ಕೀಲಿಗಾದರೆ ಆರ್ಥ್ರೈಟಿಸ್, ಜಠರಕ್ಕಾದರೆ ಗ್ಯಾಸ್ಟ್ರೈಟಿಸ್, ಮಿದುಳಿನ ಪೊರೆಗಾದರೆ ಮೆನಿಂಜೈಟಿಸ್. ಉರಿಯೂತಕ್ಕೆ ನಾಲ್ಕು ಗುರುತುಗಳೆಂದು ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಬರೆದಿಟ್ಟಿದ್ದಾನೆ: ಕೆಂಪು, ಊತ, ಬಿಸಿ, ನೋವು. ನಮ್ಮ ಕನ್ನಡದ ಪದವನ್ನೇ ನೋಡಿ. 'ಉರಿ' ಮತ್ತು 'ಊತ' ಸೇರಿ ಉರಿಯೂತ. ಸೆಲ್ಸಸ್ ಹೇಳಿದ ಗುರುತುಗಳು ಪದದೊಳಗೇ ಕುಳಿತಿವೆ. ಈ ಒಂದು ಪದದ ಮಟ್ಟಿಗೆ ಕನ್ನಡ ಓದುಗನೇ ಭಾಗ್ಯವಂತ.

'ಎಕ್ಟಮಿ' ಎಂದರೆ ಕತ್ತರಿಸಿ ತೆಗೆಯುವುದು. ಹಿಸ್ಟರೆಕ್ಟಮಿ ಎಂದರೆ ಗರ್ಭಕೋಶ ತೆಗೆಯುವುದು. 'ಆಸ್ಟಮಿ' ಎಂದರೆ ಹೊರಕ್ಕೆ ಬಾಯಿ ಮಾಡುವುದು. ಕೊಲಾಸ್ಟಮಿ ಎಂದರೆ ದೊಡ್ಡ ಕರುಳಿಗೆ ಹೊಟ್ಟೆಯ ಮೇಲೆ ದಾರಿ ಮಾಡುವುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಈ ಎರಡು ಬಾಲಗಳ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು. 'ಸ್ಕೋಪಿ' ಎಂದರೆ ಒಳಗೆ ಇಣುಕಿ ನೋಡುವುದು. 'ಈಮಿಯ' ರಕ್ತಕ್ಕೆ, 'ಯೂರಿಯ' ಮೂತ್ರಕ್ಕೆ, 'ಆಲ್ಜಿಯ' ನೋವಿಗೆ ಸಂಬಂಧಿಸಿದ್ದು. ತಲೆಯಲ್ಲಿ 'ಟ್ಯಾಕಿ' ಇದ್ದರೆ ವೇಗ, 'ಬ್ರಾಡಿ' ಇದ್ದರೆ ನಿಧಾನ.

'ಓಮ' ಎಂಬ ಬಾಲದ ಬಗ್ಗೆ ಮಾತ್ರ ಎಚ್ಚರ ಬೇಕು. ಸಾಮಾನ್ಯವಾಗಿ ಅದಕ್ಕೆ ಗಂಟು, ಗೆಡ್ಡೆ ಎಂದು ಅರ್ಥ. ಆದರೆ ಗೆಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ಚರ್ಮದಡಿಯಲ್ಲಿ ಮೆತ್ತಗೆ ಜಾರುವ ಲೈಪೋಮ ಬರಿಯ ಕೊಬ್ಬಿನ ಗಂಟು, ಹೆಚ್ಚಿನವರಿಗೆ ನಿರುಪದ್ರವಿ. ಹೆಮಟೋಮ ಎಂದರೆ ಪೆಟ್ಟು ಬಿದ್ದಲ್ಲಿ ರಕ್ತ ಶೇಖರವಾಗಿರುವುದು. ಗ್ಲಾಕೋಮದಲ್ಲಿ ಗಂಟೇ ಇಲ್ಲ, ಕಣ್ಣಿನ ನರ ಹಾಳಾಗುವ ಕಾಯಿಲೆ ಅದು. ಇತ್ತ ಲಿಂಫೋಮ, ಮೆಲನೋಮಗಳು ನಿಜಕ್ಕೂ ಕ್ಯಾನ್ಸರ್‌ಗಳು. ಆದುದರಿಂದ ವರದಿಯಲ್ಲಿ 'ಓಮ' ಕಂಡೊಡನೆ ಅಳುವುದೂ ಬೇಡ, ಅದನ್ನು ಮಡಿಸಿ ಬೀರುವಿನಲ್ಲಿಡುವುದೂ ಬೇಡ. ಪಕ್ಕದಲ್ಲಿ 'ಬಿನೈನ್' ಎಂದಿದ್ದರೆ ಹರಡದ್ದು, 'ಮ್ಯಾಲಿಗ್ನೆಂಟ್' ಎಂದಿದ್ದರೆ ಹರಡುವ ಸ್ವಭಾವದ್ದು. ಆ ಪದವನ್ನು ಹುಡುಕಿ, ವೈದ್ಯರನ್ನು ಕೇಳಿ.

ಅಂಗಗಳ ಹೆಸರಿನಲ್ಲಿ ಕೆಲವು ಸ್ವಾರಸ್ಯಗಳೂ ಇವೆ. ಮಸಲ್ ಎಂಬ ಪದ 'ಪುಟ್ಟ ಇಲಿ' ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ತೋಳು ಮಡಿಸಿದಾಗ ಚರ್ಮದಡಿ ಇಲಿ ಓಡಿದಂತೆ ರೋಮನ್ನರಿಗೆ ಕಂಡಿರಬೇಕು. ನಾವು ಕಾಲಿನ ಹಿಂಬದಿಯ ಸ್ನಾಯುವನ್ನು ಮೀನಖಂಡ ಎನ್ನುತ್ತೇವೆ. ಅವರಿಗೆ ಇಲಿ ಕಂಡಲ್ಲಿ ನಮಗೆ ಮೀನು ಕಂಡಿದೆ!

ದಾರಿ ತಪ್ಪಿಸುವ ಹೆಸರುಗಳು

ವಿಳಾಸ ಓದಲು ಕಲಿತರೂ ಕೆಲವು ವಿಳಾಸಗಳೇ ತಪ್ಪಾಗಿರುತ್ತವೆ. ಹೆಸರಿಟ್ಟವರ ಕಾಲದಲ್ಲಿ ತಿಳಿದಿದ್ದಷ್ಟೇ ಹೆಸರಿನಲ್ಲಿರುತ್ತದೆ. ಇಟಾಲಿಯನ್ ಭಾಷೆಯಲ್ಲಿ ಮಲೇರಿಯಾ ಎಂದರೆ ಕೆಟ್ಟ ಗಾಳಿ. ಜೌಗು ನೆಲದ ಗಾಳಿಯಿಂದ ಆ ಜ್ವರ ಬರುತ್ತದೆಂದು ನಂಬಿದ್ದರು. 1880ರಲ್ಲಿ ಲ್ಯಾವೆರಾನ್ ರೋಗಿಯ ರಕ್ತದಲ್ಲಿ ಪರಾವಲಂಬಿಯನ್ನು ಕಂಡ. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಅದನ್ನು ಪತ್ತೆ ಮಾಡಿದ. ಗಾಳಿ ನಿರ್ದೋಷಿ ಎಂದು ತೀರ್ಮಾನವಾಯಿತು, ಹೆಸರು ಮಾತ್ರ ಉಳಿಯಿತು.

ನಮ್ಮ ಮಲೆನಾಡಿನ ಉದಾಹರಣೆ ಇನ್ನೂ ಹತ್ತಿರದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಜನರಿಗೂ ಜ್ವರ ಬಂತು. ಪ್ರಪಂಚದ ವೈದ್ಯಗ್ರಂಥಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಆದರೆ ಅದು ಮನುಷ್ಯನಿಗೆ ಹರಡುವುದು ಮುಖ್ಯವಾಗಿ ಉಣುಗು ಅಥವಾ ಉಣ್ಣಿ ಎನ್ನುವ ಪುಟ್ಟ ಜೀವಿ ಕಚ್ಚುವುದರಿಂದ. ಮಂಗವೂ ನಮ್ಮಂತೆಯೇ ಅದರ ಬಲಿಪಶು. ಹೆಸರನ್ನು ನಂಬಿ ಮಂಗನಿಂದ ದೂರವಿದ್ದು, ತರಗೆಲೆ ಗುಡಿಸಲು ಬರಿಗಾಲಲ್ಲಿ ಕಾಡಿಗೆ ಹೋದರೆ ರಕ್ಷಣೆ ಸಿಗದು. ಇಂಥ ಗೊಂದಲ ಮತ್ತು ಅಪಕೀರ್ತಿಗಳನ್ನು ತಪ್ಪಿಸಲೆಂದೇ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊಸ ಕಾಯಿಲೆಗಳಿಗೆ ಊರು, ವ್ಯಕ್ತಿ, ಪ್ರಾಣಿಗಳ ಹೆಸರಿಡಬಾರದೆಂದು ಸೂಚಿಸಿತು. 2020ರ ಫೆಬ್ರುವರಿಯಲ್ಲಿ ಬಂದ 'ಕೋವಿಡ್-19' ಎಂಬ ಹೆಸರಿನಲ್ಲಿ ಯಾವ ಊರೂ ಇಲ್ಲದಿರುವುದು ಈ ಕಾರಣಕ್ಕೇ.

'ಹೈಪರ್‌ಟೆನ್ಷನ್' ಇನ್ನೊಂದು ಪದ. "ನನಗೆ ಯಾವ ಟೆನ್ಷನ್ನೂ ಇಲ್ಲ, ಬಿ.ಪಿ. ಹೇಗೆ ಬರುತ್ತೆ?" ಎಂದು ಕೇಳುವವರಿದ್ದಾರೆ. ಇಲ್ಲಿ ಟೆನ್ಷನ್ ಎಂದರೆ ಮನಸ್ಸಿನ ಆತಂಕವಲ್ಲ, ರಕ್ತನಾಳದೊಳಗಿನ ಒತ್ತಡ. ಶಾಂತಸ್ವಭಾವದವರಿಗೂ ಅದು ಬರಬಹುದು. ಮನಸ್ಸು ಹಗುರವಾಯಿತೆಂದು ಮಾತ್ರೆ ನಿಲ್ಲಿಸುವುದು ಈ ಪದ ಮಾಡಿರುವ ದೊಡ್ಡ ಅನಾಹುತ.

ಒಂದು ತಪ್ಪು ನನ್ನದೇ. ವೈದ್ಯರೊಬ್ಬರ ಭಾಷಣಕ್ಕೆ ಕನ್ನಡ ಶೀರ್ಷಿಕೆಗಳನ್ನು ಬರೆಯುವಾಗ 'ಅಕ್ಯೂಟ್' ಎಂದು ಬಂದಲ್ಲೆಲ್ಲ 'ತೀವ್ರ' ಎಂದು ಬರೆದೆ. ಧ್ವನಿಮುದ್ರಿಕೆ ನೋಡಿದ ವೈದ್ಯರು, "ಸಾಮಾನ್ಯ ನೆಗಡಿಯೂ ಅಕ್ಯೂಟೇ. ಅದನ್ನು ತೀವ್ರ ಅಂದರೆ ಜನ ಆಸ್ಪತ್ರೆಗೆ ಓಡಿ ಬರ್ತಾರೆ" ಎಂದರು. ವೈದ್ಯಕೀಯದಲ್ಲಿ ಅಕ್ಯೂಟ್ ಎಂದರೆ ಹಠಾತ್ತನೆ ಬಂದದ್ದು, ಕ್ರಾನಿಕ್ ಎಂದರೆ ಬಹುಕಾಲ ಉಳಿಯುವಂಥದು. ಎರಡೂ ಕಾಲವನ್ನು ಹೇಳುತ್ತವೆಯೇ ಹೊರತು ಕಾಯಿಲೆ ಎಷ್ಟು ಜೋರೆಂಬುದನ್ನಲ್ಲ. ಅಂದಿನಿಂದ ನಾನು 'ದಿಢೀರ್' ಮತ್ತು 'ದೀರ್ಘಕಾಲದ' ಎಂದು ಬರೆಯುತ್ತೇನೆ.

ಹೃದಯದ ಮೂರು ಹೆಸರುಗಳನ್ನೂ ಬೇರೆಬೇರೆಯಾಗಿ ತಿಳಿದಿರಬೇಕು. ಹೃದಯಾಘಾತದಲ್ಲಿ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ. ರೋಗಿ ಸಾಮಾನ್ಯವಾಗಿ ಎಚ್ಚರವಿದ್ದು ನೋವು ಹೇಳುತ್ತಾನೆ. ಹೃದಯಸ್ತಂಭನದಲ್ಲಿ ಹೃದಯದ ಬಡಿತವೇ ನಿಂತು ವ್ಯಕ್ತಿ ಕುಸಿಯುತ್ತಾನೆ. ಆಗ ತಕ್ಷಣ ಎದೆಯನ್ನು ಒತ್ತಲು ಆರಂಭಿಸಬೇಕು. ಹೃದಯ ವೈಫಲ್ಯದಲ್ಲಿ ಹೃದಯ ನಿಂತಿಲ್ಲ, ಬಲಗುಂದಿದೆ. ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. 'ವೈಫಲ್ಯ' ಎಂಬ ಪದ ಕೇಳಿ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಕಾಗಿಲ್ಲ. ಔಷಧಿ, ಪಥ್ಯಗಳಿಂದ ವರ್ಷಗಟ್ಟಲೆ ಬಾಳುವವರಿದ್ದಾರೆ.

ಕೊನೆಯದಾಗಿ ಪಾರ್ಶ್ವವಾಯು. ಇದನ್ನು ಬರೆಯುವಾಗ ನನಗೆ ನಮ್ಮ ದೊಡ್ಡಪ್ಪ ನೆನಪಾಗುತ್ತಾರೆ. ಹನ್ನೆರಡು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದಾಗ ಅವರ ಎಡಗೈ ಜಾರಿತು, ಬಾಯಿ ಸೊಟ್ಟಗಾಯಿತು. ಊರಿನಿಂದ ಫೋನ್ ಬಂತು: "ವಾಯು ಹೊಡೆದಿದೆ, ಎಣ್ಣೆ ತಿಕ್ಕಿಸ್ತಾ ಇದ್ದೀವಿ." ಕೈಗೆ ಬಂದ ವಾಯುವಿಗೆ ಕೈಗೇ ಎಣ್ಣೆ. ಹೆಸರು ತೋರಿಸಿದ ದಾರಿ ಅದೇ ತಾನೇ? ವಿಜ್ಞಾನ ಓದಿದ ನಾನೂ "ಸರಿ, ನೋಡಿಕೊಳ್ಳಿ, ಭಾನುವಾರ ಬರುತ್ತೇನೆ" ಎಂದೆ. ಮಾರನೆಯ ಸಂಜೆ ಅವರು ಆಸ್ಪತ್ರೆ ಸೇರಿದರು. ಜೀವ ಉಳಿಯಿತು, ಕೈ ಮತ್ತೆ ಏಳಲಿಲ್ಲ.

ತೊಂದರೆ ಇದ್ದದ್ದು ಎಡಗೈಯಲ್ಲಲ್ಲ, ಮಿದುಳಿನ ಬಲಭಾಗದಲ್ಲಿ. ಮಿದುಳಿನಿಂದ ಇಳಿಯುವ ನರತಂತುಗಳು ಮಿದುಳಿನ ಕಾಂಡದ ಕೆಳಭಾಗದಲ್ಲಿ ಅಡ್ಡ ದಾಟುವುದರಿಂದ ಒಂದು ಪಕ್ಕದ ಮಿದುಳಿಗೆ ಪೆಟ್ಟಾದರೆ ಇನ್ನೊಂದು ಪಕ್ಕದ ಕೈಕಾಲು ಸೋಲುತ್ತದೆ. ಪಾರ್ಶ್ವವಾಯುಗಳಲ್ಲಿ ಹೆಚ್ಚಿನವು ಮಿದುಳಿನ ರಕ್ತನಾಳ ಹೆಪ್ಪಿನಿಂದ ಕಟ್ಟಿಕೊಂಡು ಆಗುವಂಥವು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಲಾಭ. ನಾಳ ಒಡೆದು ರಕ್ತ ಸೋರಿದ್ದರೆ ಅದೇ ಮದ್ದು ಅಪಾಯಕಾರಿ. ಎರಡರಲ್ಲಿ ಯಾವುದೆಂದು ಕೈ ನೋಡಿ ಹೇಳಲಾಗದು, ತಲೆಯ ಸ್ಕ್ಯಾನ್ ಬೇಕು. ಮುಖ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಎಣ್ಣೆಯ ಬಟ್ಟಲು ಹುಡುಕಬೇಡಿ.

ವೈದ್ಯರನ್ನು ಏನೆಂದು ಕೇಳಬೇಕು?

ಡಾ. ಅನುಪಮಾ ನಿರಂಜನ ಅವರಂಥ ವೈದ್ಯ ಲೇಖಕರು ಕನ್ನಡಿಗರ ಮನೆಮನೆಗೆ ವೈದ್ಯಕೀಯ ತಿಳಿವಳಿಕೆಯನ್ನು ಕನ್ನಡದಲ್ಲೇ ತಲುಪಿಸಿದರು. ಅದನ್ನು ಬಳಸುವ ಹೊಣೆ ನಮ್ಮದು. ವೈದ್ಯರ ಬಳಿ ಇರುವ ಸಮಯ ಕಡಿಮೆ, ಹೊರಗೆ ಸಾಲು ಉದ್ದ. ಆದರೂ ಸಂಕೋಚ ಬಿಟ್ಟು ನಾಲ್ಕು ಪ್ರಶ್ನೆಗಳನ್ನು ಕೇಳಬಹುದು.

1. ನೀವು ಹೇಳಿದ್ದು ರೋಗದ ಹೆಸರೋ, ಗುರುತಿನ ಹೆಸರೋ?

2. ಗುರುತಾದರೆ ಅದರ ಹಿಂದಿನ ಕಾರಣ ಏನು? ತಿಳಿಯಲು ಯಾವ ಪರೀಕ್ಷೆ ಬೇಕು?

3. ತೊಂದರೆ ಯಾವ ಅಂಗದಲ್ಲಿದೆ? ಅಲ್ಲಿ ಏನಾಗಿದೆ: ಹೆಚ್ಚಾಗಿದೆಯೋ, ಕಡಿಮೆಯಾಗಿದೆಯೋ, ಊದಿದೆಯೋ, ಕಟ್ಟಿಕೊಂಡಿದೆಯೋ?

4. ಇದು ಬಂದು ಹೋಗುವಂಥದೋ, ಬಹುಕಾಲ ಜೊತೆಗಿರುವಂಥದೋ?

ಉತ್ತರ ಸಿಕ್ಕ ಮೇಲೆ ಕಾಯಿಲೆಯ ಪೂರ್ತಿ ಹೆಸರನ್ನು ಒಂದು ಚೀಟಿಯಲ್ಲಿ ಬಿಡಿ ಅಕ್ಷರಗಳಲ್ಲಿ ಬರೆಸಿಕೊಳ್ಳಿ. ಅದನ್ನು ಮನೆಯಲ್ಲಿ ಎಲ್ಲರಿಗೂ ಕಾಣುವ ಕಡೆ ಇಡಿ. ಊರು ಬದಲಾಗಲಿ, ವೈದ್ಯರು ಬದಲಾಗಲಿ, ರಾತ್ರಿ ಹನ್ನೆರಡಕ್ಕೆ ಆಸ್ಪತ್ರೆಗೆ ಹೋಗಬೇಕಾಗಲಿ, ಆ ಚೀಟಿ ನಿಮ್ಮ ಪರವಾಗಿ ಮಾತಾಡುತ್ತದೆ.

ಹಾಸನದ ಆ ಗೃಹಿಣಿ ಈಗ ಹೈಪರ್‌ಥೈರಾಯಿಡಿಸಂಗೆ ಸರಿಯಾದ ಚಿಕಿತ್ಸೆ ಪಡೆಯುತ್ತಿದ್ದಾರೆ. ತಮ್ಮ ಕಾಗದದ ಕೊನೆಯಲ್ಲಿ ಅವರು ಹೀಗೆ ಬರೆದಿದ್ದರು: "ಓರಗಿತ್ತಿಯ ಮಾತ್ರೆ ವಾಪಸು ಕೊಟ್ಟೆ. ಅವರಿಗೂ ಅವರ ಚೀಟಿ ಓದಿ ಹೇಳಿದೆ. ಅವರಿಗೂ ತಮ್ಮದು ಹೈಪೋ ಅಂತ ಗೊತ್ತಿರಲಿಲ್ಲ."